ಬೂತಾಯಿ, ಬಂಗುಡೆ, ಅಂಜಲ್: ಯಾವ ಮೀನಿನಲ್ಲಿ ಸತ್ವ ಜಾಸ್ತಿ? (ಪ್ರಶ್ನೋತ್ತರ)

ಅಡ್ಮಿನ್: ಮೀನು ಸಂಸ್ಕರಣೆಯಲ್ಲಿ ಕೆಲಸ ಮಾಡುವ ಮಂಗಳೂರಿನ ಮೇಡಂ ಇವತ್ತು ಗ್ರೂಪಿನಲ್ಲಿದ್ದಾರೆ. ಕೇಳಿ.

ಬೆಂಗಳೂರು ಸದಸ್ಯ: ನಮಸ್ತೆ ಮೇಡಂ. ಅಂಜಲ್‌ಗೆ ಅಷ್ಟೊಂದು ರೇಟು. ಬೂತಾಯಿಗಿಂತ ಸತ್ವ ಜಾಸ್ತಿ ಇರುತ್ತಾ?

ಮೇಡಂ: ಇಲ್ಲ. ನೂರು ಗ್ರಾಂ ಮಾಂಸಕ್ಕೆ ಎರಡರಲ್ಲೂ ಸುಮಾರು 20 ಗ್ರಾಂ ಪ್ರೋಟೀನ್. ಅಂಜಲ್‌ನಲ್ಲಿ ಮುಳ್ಳು ಕಡಿಮೆ, ತುಂಡು ಗಟ್ಟಿ, ಕಾವಲಿ ಮೇಲೆ ಒಡೆಯಲ್ಲ. ರೇಟು ಅದಕ್ಕೆ. ಒಮೆಗಾ-3, ಅಂದ್ರೆ ಮೀನೆಣ್ಣೆಯ ಒಳ್ಳೆಯ ಕೊಬ್ಬು ಬೇಕಂದ್ರೆ ಬೂತಾಯಿ ತಗೊಳ್ಳಿ. ಮಳೆಗಾಲ ಮುಗಿದ ಮೇಲೆ ಅದರ ಮೈತುಂಬ ಎಣ್ಣೆ, ಹುರಿಯುವಾಗ ತಾನೇ ಬಿಡುತ್ತದೆ. ಬೇರೆ ತಿಂಗಳಲ್ಲಿ ಅದೇ ಮೀನು ಒಣಕಲು.

ಶಿವಮೊಗ್ಗ ಸದಸ್ಯ: ಕೆರೆಯ ಕಾಟ್ಲಾ, ರೋಹು?

ಮೇಡಂ: ಪ್ರೋಟೀನ್‌ಗೆ ಚೆನ್ನಾಗಿವೆ. ಒಮೆಗಾ-3 ಬೂತಾಯಿಯಷ್ಟಿಲ್ಲ.

ಕುಂದಾಪುರ ಸದಸ್ಯ: ಕೆರೆ ಮೀನು ಮಣ್ಣು ವಾಸನೆ ಮಾರಾಯ್ರೆ.

ಶಿವಮೊಗ್ಗ ಸದಸ್ಯ: ನಮ್ಮದು ಜೀವ ಇರುವಾಗಲೇ ತೂಗ್ತಾರೆ. ನಿಮ್ಮದು ಬೋಟಿನಲ್ಲಿ ಎಷ್ಟು ದಿನದ್ದೋ.

ಉಡುಪಿ ಸದಸ್ಯೆ: ಮೇಡಂ, ನಿನ್ನೆ ಬಂಗುಡೆ ಸಾರು ಉಂಡು ಅರ್ಧ ಗಂಟೆಗೆ ಮಗನ ಮುಖ ಕೆಂಪಾಯಿತು. ಮೈ ತುರಿಕೆ, ತಲೆನೋವು. ಮೊದಲೆಲ್ಲ ತಿಂದು ಏನೂ ಆಗಿರಲಿಲ್ಲ. ಅಲರ್ಜಿನಾ?

ಮೇಡಂ: ಮೀನು ಎಷ್ಟು ಹೊತ್ತು ಹೊರಗಿತ್ತು?

ಉಡುಪಿ ಸದಸ್ಯೆ: ಬೆಳಿಗ್ಗೆ ತಂದದ್ದು ಮಧ್ಯಾಹ್ನದವರೆಗೆ ಸ್ಕೂಟರ್ ಡಿಕ್ಕಿಯಲ್ಲೇ ಇತ್ತು. ನಾಲಿಗೆ ಚುರುಚುರು ಅಂತಿದೆ ಅಂದಿದ್ದ.

ಮೇಡಂ: ಆ ಚುರುಚುರು ಕೇಳಿ ನನಗೆ ಹಿಸ್ಟಮಿನ್ (ಕೆಟ್ಟ ಮೀನಿನಲ್ಲಿ ಹುಟ್ಟುವ ವಿಷ) ಮೇಲೆಯೇ ಅನುಮಾನ. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಈ ಜಾತಿಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಐಸಿಲ್ಲದೆ ಬಿಸಿಲಲ್ಲಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಕುದಿಸಿದರೂ ಅದು ಹೋಗಲ್ಲ, ಹುರಿದರೂ ಹೋಗಲ್ಲ. ವಾಸನೆ ಬರದೆಯೂ ಇರಬಹುದು. ಆದರೂ ಅಲರ್ಜಿ ಅಲ್ಲ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಮಗನನ್ನು ಡಾಕ್ಟರಿಗೆ ತೋರಿಸಿ, ಡಿಕ್ಕಿಯ ವಿಷಯವನ್ನೂ ಹೇಳಿ. ಅಲ್ಲಿಯವರೆಗೆ ಮೀನು ಕೊಡಬೇಡಿ. ಮತ್ತೆ ಹೀಗಾಗಿ ಉಸಿರು ಕಟ್ಟಿದರೆ, ತುಟಿ ಬಾತರೆ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ. ಇನ್ನು ಮೇಲೆ ಮಾರ್ಕೆಟಿಗೆ ಐಸು ತುಂಬಿದ ಡಬ್ಬಿ ತಗೊಂಡೇ ಹೋಗಿ.

ಮೈಸೂರು ಸದಸ್ಯ: (ಫಾರ್ವರ್ಡ್) ಅರಿಶಿನ, ಲಿಂಬೆ ಹಚ್ಚಿ ಒಂದು ಗಂಟೆ ಇಟ್ಟರೆ ಮೀನಿನ ಎಲ್ಲಾ ವಿಷ ಹೋಗುತ್ತೆ!!

ಮೇಡಂ: ಹೋಗಲ್ಲ. ಆ ಒಂದು ಗಂಟೆ ಹೊರಗಿಟ್ಟರೆ ಹಿಸ್ಟಮಿನ್ ಇನ್ನೂ ಹೆಚ್ಚಬಹುದು. ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ.

ಹಾಸನ ಸದಸ್ಯೆ: ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತಾ?

ಮೇಡಂ: ಬರಲ್ಲ.

ದಾವಣಗೆರೆ ಸದಸ್ಯ: ಯೂರಿಕ್ ಆಸಿಡ್ ಇರುವವರು ಬೂತಾಯಿ ತಿನ್ನಬಹುದಾ?

ಕುಂದಾಪುರ ಸದಸ್ಯ: ಬೋಟಿನಲ್ಲಿ ಐಸು ಹಾಕ್ತಾರೆ ಸ್ವಾಮಿ. ನೋಡದೆ ಮಾತಾಡಬೇಡಿ.

ಶಿವಮೊಗ್ಗ ಸದಸ್ಯ: ಹಾಗಾದ್ರೆ ಆ ಹುಡುಗನಿಗೆ ಯಾಕಾಯ್ತು?

ಕುಂದಾಪುರ ಸದಸ್ಯ: ಡಿಕ್ಕಿಯಲ್ಲಿಟ್ಟಿದ್ದು ಬೋಟಿನವರಾ? ಓದೋಕೆ ಬರಲ್ವಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ತುಮಕೂರು ಸದಸ್ಯ: ಮೇಡಂ, ಅಂಜಲ್ ಒಳ್ಳೆಯದಾ ಬೂತಾಯಿನಾ?

ಮೇಡಂ: ಮೇಲೆ ಬರೆದಿದ್ದೇನೆ.

ಹಾಸನ ಸದಸ್ಯೆ: ಮೊಸರು ತಿಂದರೂ ತೊನ್ನು ಬರಲ್ವಾ?

ಮೇಡಂ: ಬರಲ್ಲ ಅಂದೆನಲ್ಲ.

ಉಡುಪಿ ಸದಸ್ಯೆ: ಮೇಡಂ, ನಿನ್ನೆಯ ಸಾರು ಫ್ರಿಜ್ಜಿನಲ್ಲಿದೆ. ಚೆನ್ನಾಗಿ ಕುದಿಸಿ ನಾವು ದೊಡ್ಡವರು ಉಣ್ಣಬಹುದಾ?

ಮೇಡಂ: ಬೇಡ. ಈಗಲೇ ಚೆಲ್ಲಿ. ಬೆಕ್ಕಿಗೂ ಹಾಕಬೇಡಿ.