ತೋಟಕ್ಕೆ ಒಯ್ಯುವ ಜೇಬಿನ ಟಾರ್ಚ್: ಬೆಳಕು ಜಾಸ್ತಿ ಇದ್ದರೂ ಹಾವು ಕಾಣಲಿಲ್ಲ

ತೋಟದಮನೆ

ನಮ್ಮದು ಸಾಗರದ ಹತ್ತಿರ ಮೂರು ಎಕರೆ ಅಡಿಕೆ ತೋಟ. ಬೇಸಿಗೆಯಲ್ಲಿ ಪಂಪಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಬರುವುದೇ ಜಾಸ್ತಿ. ಹನ್ನೊಂದಕ್ಕೋ ಎರಡಕ್ಕೋ ಎದ್ದು ತೋಟಕ್ಕೆ ಇಳಿಯಬೇಕು. ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಚಿಕ್ಕ ಟಾರ್ಚ್ ಇರುತ್ತದೆ. ಒಂದು 18650 ಸೆಲ್ (ರೀಚಾರ್ಜ್ ಆಗುವ ಲಿಥಿಯಂ ಸೆಲ್) ಹಾಕುವಂಥದ್ದು. ಡಬ್ಬದ ಮೇಲೆ ಬೆಳಕಿನ ಅಳತೆ ಸಾವಿರ ಲ್ಯೂಮೆನ್ ಅಂತ ಬರೆದಿದೆ.

ಹೋದ ವಾರ ಸಂಕ (ಕಾಲು ಸೇತುವೆ) ದಾಟಿ ಎರಡು ಹೆಜ್ಜೆ ಇಟ್ಟಿದ್ದೆ ಅಷ್ಟೇ. ಒಣ ಸೋಗೆಯ ಮೇಲೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಅದು ಬುಸ್ ಅಂದ ಮೇಲೇ ನನಗೆ ಗೊತ್ತಾಗಿದ್ದು. ಟಾರ್ಚಿನ ಬೆಳಕು ನೇರ ಅದರ ಮೇಲೆಯೇ ಬಿದ್ದಿತ್ತು. ಆದರೂ ಸೋಗೆ, ದರಕು (ಉದುರಿದ ಒಣ ಎಲೆ), ಹಾವು ಎಲ್ಲ ಒಂದೇ ಬೂದಿ ಬಣ್ಣ. ಇವತ್ತಿಗೂ ನೆನೆಸಿಕೊಂಡರೆ ಕಾಲು ನಡುಗುತ್ತದೆ.

ಮಾರನೇ ರಾತ್ರಿ ಅಪ್ಪನ ಹಳೇ ಹಿತ್ತಾಳೆ ಟಾರ್ಚ್ ತಗೊಂಡು ಅದೇ ಜಾಗಕ್ಕೆ ಹೋದೆ. (ಅಪ್ಪ ಈಗಲೂ ಟಾರ್ಚಿಗೆ ಬ್ಯಾಟರಿ ಅಂತಲೇ ಅನ್ನುವುದು, ಒಳಗೆ ಹಾಕುವುದಕ್ಕೆ ಸೆಲ್ಲು.) ಎರಡು ದೊಡ್ಡ ಸೆಲ್ಲಿನದು, ಹಳದಿ ಬಲ್ಬು. ನನ್ನದರ ಹತ್ತರಲ್ಲೊಂದು ಪಾಲು ಬೆಳಕೂ ಇಲ್ಲ. ಆದರೆ ಸೋಗೆಯ ಕಂದು ಬೇರೆ, ಮಣ್ಣಿನ ಕೆಂಪು ಬೇರೆ ಅಂತ ಚೆನ್ನಾಗಿ ಕಾಣುತ್ತದೆ. ಯಾಕೆ ಹೀಗೆ? ನನ್ನ ಚಿಕ್ಕ ಟಾರ್ಚಿನಲ್ಲೇ ಆ ಥರದ ಬೆಳಕು ಬರುವ ಹಾಗೆ ಮಾಡಬಹುದಾ? ಸೋಲ್ಡರಿಂಗ್ ಐರನ್ ಇದೆ, ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ.

ಬೆಸುಗೆ

ಬೆಳಕು ಕಮ್ಮಿಯಾಗಿದ್ದಲ್ಲ ಸರ್, ಬೆಳಕಿನಲ್ಲಿ ಕೆಂಪು ಕಮ್ಮಿ. ಬಿಳಿ ಎಲ್‌ಇಡಿ ಅಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿ) ಆಸುಪಾಸಿನ ಅಗ್ಗದ ಎಲ್‌ಇಡಿಯಲ್ಲಿ ನೀಲಿ ಧಾರಾಳ, ಕೆಂಪು ತೀರಾ ಕಮ್ಮಿ. ಕೆಂಪು ಇಲ್ಲದಿದ್ದರೆ ಒಂದು ಕಂದಿಗೂ ಇನ್ನೊಂದು ಕಂದಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ನಿಮ್ಮ ತೋಟದ ನೆಲದಲ್ಲಿ ಇರುವುದೆಲ್ಲ ಕಂದೇ ಅಲ್ವಾ. ಅಪ್ಪನ ಟಾರ್ಚಿನಲ್ಲಿ ಉರಿಯುವುದು ಕಾದ ತಂತಿ, ಅದರಲ್ಲಿ ಕೆಂಪು ಬೇಕಾದಷ್ಟಿದೆ.

ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಅಳತೆ ಇದೆ. ಕಾದ ತಂತಿಗೆ ಹೆಚ್ಚುಕಮ್ಮಿ 100, ಸಾಮಾನ್ಯ ಟಾರ್ಚ್ ಎಲ್‌ಇಡಿಗೆ 70ರ ಸುತ್ತಮುತ್ತ. ನೀವು 90 ದಾಟಿದ್ದು ಹಾಕಿಕೊಳ್ಳಿ. ನಾನು ನಿಚಿಯಾ ಕಂಪನಿಯ 219ಬಿ ಅನ್ನುವ ಎಲ್‌ಇಡಿ, 4500 ಕೆಲ್ವಿನ್ನಿನದು, ಹಾಕಿಕೊಂಡಿದ್ದೇನೆ. ಸ್ಯಾಮ್‌ಸಂಗ್ ಎಲ್‌ಎಚ್351ಡಿ 90 ಸಿಆರ್‌ಐ ಆದರೂ ಆಗುತ್ತದೆ. ಎರಡೂ 3 ವೋಲ್ಟಿನವು. ನಿಮ್ಮ ಹಳೆಯದೂ 3 ವೋಲ್ಟಿನದೇನಾ ಅಂತ ಮೊದಲು ನೋಡಿಕೊಳ್ಳಿ, 6 ವೋಲ್ಟಿನದಾದರೆ ಡ್ರೈವರೇ (ಸೆಲ್ಲಿನಿಂದ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್) ಬೇರೆ.

ಬಿಡಿ ಎಲ್‌ಇಡಿ ತರಿಸಬೇಡಿ. ತಾಮ್ರದ ಬಿಲ್ಲೆಯ ಮೇಲೆ ಕೂರಿಸಿದ್ದನ್ನೇ ತರಿಸಿ. ಇಂಥ ಟಾರ್ಚುಗಳಲ್ಲಿ ಸಾಮಾನ್ಯವಾಗಿ 16 ಮಿಲಿಮೀಟರ್ ಬಿಲ್ಲೆ ಇರುತ್ತದೆ, ಆದರೂ ನಿಮ್ಮದನ್ನು ಅಳೆಯಿರಿ. ಮುಂದಿನ ರಿಂಗ್ ತಿರುಗಿಸಿ ಗಾಜು, ರಿಫ್ಲೆಕ್ಟರ್ ತೆಗೆದರೆ ಬಿಲ್ಲೆ ಕಾಣುತ್ತದೆ. ಕೆಂಪು ವೈರ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ತೆಗೆಯುವ ಮೊದಲು ಫೋಟೋ ಹೊಡೆದುಕೊಳ್ಳಿ. ತಾಮ್ರ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ, 25 ವಾಟಿನ ಐರನ್ನಿಗೆ ಸೀಸ ಕರಗುವುದು ಕಷ್ಟ. 60 ವಾಟಿನದಿರಲಿ. ಬಿಲ್ಲೆಯನ್ನು ಟಾರ್ಚಿನ ಮೈಯಿಂದ ಎತ್ತಿ, ಮರದ ಚೂರಿನ ಮೇಲಿಟ್ಟು ಬೆಸುಗೆ ಹಾಕಿ. ಆಮೇಲೆ ಕೆಳಗೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ ಕೂರಿಸಿ.

ಎಲ್ಲರೂ ಎಡವುವ ಜಾಗ ಒಂದಿದೆ. ರಿಫ್ಲೆಕ್ಟರ್ ಲೋಹದ್ದು. ಸೀಸದ ಗುಡ್ಡೆ ಎತ್ತರವಾಗಿ ಅದಕ್ಕೆ ತಾಗಿದರೆ ಶಾರ್ಟ್. ಎಲ್‌ಇಡಿ ಸುತ್ತ ಇರುವ ಬಿಳಿ ಪ್ಲಾಸ್ಟಿಕ್ ರಿಂಗ್ ಬಿಸಾಡಬೇಡಿ, ಅದು ಇರುವುದೇ ಇದಕ್ಕೆ.

ಇನ್ನೊಂದು. ಡ್ರೈವರಿನಲ್ಲಿ 7135 ಅಂತ ಬರೆದ ಚಿಪ್ ಎಂಟು ಇದ್ದರೆ ನಾಲ್ಕನ್ನು ತೆಗೆದುಬಿಡಿ. ಒಂದೊಂದೂ 350 ಮಿಲಿಆಂಪ್ ಬಿಡುತ್ತದೆ. ಎಂಟು ಸೇರಿದರೆ 2.8 ಆಂಪ್, ಬೆರಳುದ್ದದ ಟಾರ್ಚ್ ಕೈ ಸುಡುವಷ್ಟು ಕಾಯುತ್ತದೆ. 1.4 ಆಂಪಿಗೆ ಇಳಿಸಿದರೆ ಕಣ್ಣಿಗೆ ಬೆಳಕು ಅರ್ಧ ಆಯಿತು ಅನ್ನಿಸುವುದೇ ಇಲ್ಲ. 3000 ಮಿಲಿಆಂಪ್‌ಅವರ್ ಸೆಲ್ ಎರಡು ಗಂಟೆ ಬರುತ್ತದೆ.

ರಾತ್ರಿಪಾಳಿ

ತೋಟದಮನೆ ಅಣ್ಣ, ನಾನು ಸ್ಟಾಫ್ ನರ್ಸ್. ಬೆಸುಗೆ ಗಿಸುಗೆ ನನಗೆ ಬರುವುದಿಲ್ಲ. ಆದರೆ ಒಂದು ಸುಲಭದ ಕೆಲಸ ಹೇಳುತ್ತೇನೆ. ನನ್ನ ಏಪ್ರನ್ ಜೇಬಿನಲ್ಲಿ ಪೆನ್ನಿನಷ್ಟು ದಪ್ಪದ ಟಾರ್ಚ್ ಇದೆ, ಒಂದು ಎಎಎ ಸೆಲ್ಲಿನದು. ಗಾಜಿನ ಮೇಲೆ ಮೈಕ್ರೋಪೋರ್ ಟೇಪ್ ಎರಡು ಸುತ್ತು ಅಂಟಿಸಿದ್ದೇನೆ. ನಡುವಿನ ಚುಚ್ಚುವ ಚುಕ್ಕೆ ಹೋಗಿ ಬೆಳಕು ಹಾಲಿನ ಹಾಗೆ ಹರಡುತ್ತದೆ. ಬೆಳಗಿನ ಜಾವ ಮೂರಕ್ಕೆ ಡ್ರಿಪ್ ಹನಿ ಎಣಿಸುವಾಗ ಪಕ್ಕದ ಹಾಸಿಗೆಯವರಿಗೆ ಎಚ್ಚರವಾಗುವುದಿಲ್ಲ. ಕಾಲ ಬುಡದ ನೆಲ ನೋಡಲು ನಿಮಗೂ ಹೀಗೆ ಹರಡಿದ ಬೆಳಕೇ ಒಳ್ಳೆಯದು ಅನ್ನಿಸುತ್ತದೆ.

ಮತ್ತೆ, ದಯವಿಟ್ಟು ಗಮ್‌ಬೂಟ್ ಹಾಕದೆ ಇಳಿಯಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಬೇಡ. ಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆಗೆ ಬನ್ನಿ. ತಡವಾಗಿ ಬಂದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ತೋಟದಮನೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್‌ಇಡಿ ಬರಲು ಹನ್ನೆರಡು ದಿನ ಹಿಡಿಯಿತು. ನಿನ್ನೆ ಕೂರಿಸಿದೆ. ಮೊದಲ ಸಲ ಹತ್ತಲೇ ಇಲ್ಲ. ತೆಗೆದು ನೋಡಿದರೆ ನೀವು ಹೇಳಿದ ಹಾಗೆಯೇ, ಪ್ಲಸ್ ಕಡೆಯ ಸೀಸ ಜಾಸ್ತಿಯಾಗಿ ಬಿಳಿ ರಿಂಗ್ ಸರಿಯಾಗಿ ಕೂತಿರಲಿಲ್ಲ, ರಿಫ್ಲೆಕ್ಟರಿನ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಗುರುತು. ಸೀಸ ತೆಗೆದು ಚಪ್ಪಟೆ ಮಾಡಿದೆ. ಹತ್ತಿತು!

ರಾತ್ರಿ ಬೂಟ್ ಹಾಕಿಕೊಂಡು ಸಂಕದವರೆಗೆ ಹೋಗಿ ಬಂದೆ. ದರಕಿನ ಮೇಲೆ ಕೂತ ಕಂದು ಕಪ್ಪೆ ಹತ್ತು ಹೆಜ್ಜೆ ದೂರದಿಂದ ಕಂಡಿತು. ಕೆಳಗೆ ಬಿದ್ದ ಹಣ್ಣಡಿಕೆ ಕಿತ್ತಳೆಯಾಗಿಯೇ ಕಾಣುತ್ತಿತ್ತು. ಇಷ್ಟು ದಿನ ಅದೂ ಬೂದಿಯೇ ಆಗಿತ್ತು.

ಒಂದು ತೊಂದರೆ. ಜೇಬಿನಲ್ಲಿದ್ದಾಗ ಸ್ವಿಚ್ ಒತ್ತಿಹೋಗಿ ತಾನೇ ಹತ್ತಿಕೊಳ್ಳುತ್ತದೆ. ಮತ್ತೆ ಅಪ್ಪ ತಮ್ಮ ಹಿತ್ತಾಳೆಯದಕ್ಕೂ ಇಂಥದ್ದೇ ಹಾಕಿಕೊಡು ಅನ್ನುತ್ತಿದ್ದಾರೆ. ಇದೇ ಎಲ್‌ಇಡಿ ಆಗುತ್ತದಾ?

ಬೆಸುಗೆ

ಕಪ್ಪೆ ಕಂಡಿದ್ದು ಓದಿ ಖುಷಿಯಾಯಿತು.

ಜೇಬಿಗೆ ಹಾಕುವ ಮೊದಲು ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲಿಸಿ. ಮುಚ್ಚಳದ ತಿರುಪಿನ ಗೆರೆಗಳ ಮೇಲೆ ಬಣ್ಣದ ಅನೋಡೈಸ್ ಲೇಪ ಇದ್ದರೆ ಕರೆಂಟ್ ಕಡಿದುಹೋಗುತ್ತದೆ, ಬೆಳ್ಳಗೆ ಲೋಹ ಕಾಣುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ಇನ್ನೊಂದು ಸೆಲ್ ಒಯ್ಯುವುದಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಿರಿ. ಚಿಲ್ಲರೆ, ಬೀಗದ ಕೈ ಜೊತೆ ಬಿಡಿ 18650 ಯಾವತ್ತೂ ಬೇಡ.

ಅಪ್ಪನದಕ್ಕೆ ಎಲ್‌ಇಡಿ ಅದೇ ಆಗುತ್ತದೆ, ಡ್ರೈವರ್ ಬೇರೆ. ಎರಡು ಸೆಲ್ ಹೊಸದಿದ್ದಾಗಲೇ 3 ವೋಲ್ಟ್, ಇಳಿಯುತ್ತಾ 2ಕ್ಕೆ ಬರುತ್ತದೆ. ಅಷ್ಟರಲ್ಲಿ ಎಲ್‌ಇಡಿ ಸರಿಯಾಗಿ ಹತ್ತುವುದಿಲ್ಲ. ವೋಲ್ಟ್ ಏರಿಸುವ ಬೂಸ್ಟ್ ಡ್ರೈವರ್ ಅಂತ ಕೇಳಿ ತಗೊಳ್ಳಿ. ಹಿತ್ತಾಳೆಯ ಮೈಗೆ ಏನೂ ಕೊರೆಯಬೇಡಿ. ಹಳೇ ಬಲ್ಬಿನ ಬುಡ ಒಂದು ಇಟ್ಟುಕೊಂಡು ಅದರೊಳಗೇ ಎಲ್ಲ ಕೂರಿಸಿದರೆ, ಬೇಡ ಅನ್ನಿಸಿದ ದಿನ ತೆಗೆದು ಅಪ್ಪನ ಬಲ್ಬು ಹಾಗೇ ವಾಪಸ್ ಹಾಕಬಹುದು.