ಹವಾಮಾನ ಹೊಂದಾಣಿಕೆಯ ಹಣ: ಕೆಲಸ ಆಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಶಾಲ್ಮಲಾ:
ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲೆಂದು ಬಡ ದೇಶಗಳಿಗೆ ಹೋಗುವ ಹಣದ ಮಾತು ಬಂದಾಗಲೆಲ್ಲ ನಾವು ‘ಎಷ್ಟು ಕೊಟ್ಟರು’ ಎಂಬಲ್ಲೇ ನಿಂತುಬಿಡುತ್ತೇವೆ. ಕೊಟ್ಟದ್ದರಿಂದ ಏನಾಯಿತು ಅಂತ ತಿಳಿಯುವುದು ಹೇಗೆ?

ಮಾತು ಎಲ್ಲೆಲ್ಲೋ ಹೋಗದಿರಲಿ ಅಂತ ಒಂದು ಯೋಜನೆ ಹಿಡಿಯೋಣ. ಬಾಂಗ್ಲಾದೇಶದ ನೈಋತ್ಯ ಕರಾವಳಿಯ ಖುಲ್ನಾ, ಸಾತ್‌ಖೀರಾ ಜಿಲ್ಲೆಗಳಲ್ಲಿ ಕುಡಿಯುವ ನೀರಿಗೂ ಹೊಲಕ್ಕೂ ಉಪ್ಪು ಸೇರಿಕೊಂಡಿದೆ. ಅಲ್ಲಿಯ ಹೆಣ್ಣುಮಕ್ಕಳಿಗೆ ಮಳೆನೀರಿನ ಟ್ಯಾಂಕು, ಉಪ್ಪಿನಲ್ಲೂ ನಡೆಯುವ ದುಡಿಮೆ ಒದಗಿಸಲು ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿಯ ನಿಧಿಯಾದ ಗ್ರೀನ್ ಕ್ಲೈಮೇಟ್ ಫಂಡ್ 2018ರಲ್ಲಿ ಸುಮಾರು 2.5 ಕೋಟಿ ಡಾಲರ್ ಅನುದಾನ ಮಂಜೂರು ಮಾಡಿತು. ನೇರ ಫಲಾನುಭವಿಗಳು ಸುಮಾರು 7 ಲಕ್ಷ ಅಂತ ಪ್ರಸ್ತಾವದಲ್ಲಿತ್ತು.

ಈ ‘ಫಲಾನುಭವಿ’ ಲೆಕ್ಕವೇ ನನಗೆ ಒಪ್ಪಿಗೆಯಾಗದ ಸಂಗತಿ. ಹೊರಸೂಸುವಿಕೆ ಕಡಿಮೆ ಮಾಡುವ ಯೋಜನೆಗೆ ಟನ್ ಇಂಗಾಲ ಅಂತ ಒಂದು ಅಳತೆಗೋಲಿದೆ. ಹೊಂದಾಣಿಕೆಗೆ ಅದಿಲ್ಲ, ಹಾಗಾಗಿ ತಲೆ ಎಣಿಸುತ್ತಾರೆ. ಟ್ಯಾಂಕು ಬಂದವರೂ ಫಲಾನುಭವಿ, ಅರ್ಧ ದಿನದ ತರಬೇತಿಗೆ ಕೂತು ಎದ್ದವರೂ ಫಲಾನುಭವಿ. ಯೋಜನೆ ಮುಗಿದ ತಿಂಗಳಲ್ಲೇ ಕೊನೆಯ ವರದಿ ಬರೆದು ಕಡತ ಮುಚ್ಚಿದರೆ ಏನು ತಿಳಿದೀತು? ಐದಾರು ವರ್ಷ ಬಿಟ್ಟು, ಒಂದು ಚಂಡಮಾರುತವೋ ಬರಗಾಲವೋ ಹಾದುಹೋದ ಮೇಲೆ, ಅದೇ ಮನೆಗಳಿಗೆ ಹೋಗಿ ನೋಡಬೇಕು. ಹಾಗೆ ಹೋಗಲು ಬೇಕಾದ ಹಣವನ್ನು ಮೊದಲ ದಿನವೇ ತೆಗೆದಿಡಬೇಕು.

ಲೆಕ್ಕಿಗ:
ಪಡೆದವರ ಮನೆಗೆ ಹೋಗುವ ಮೊದಲು ಕೊಟ್ಟವರ ಪುಸ್ತಕ ತೆಗೆಯೋಣ ಶಾಲ್ಮಲಾ ಅವರೇ. 2009ರ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುವ ಮಾತು ಕೊಟ್ಟವು, 2020ರ ಹೊತ್ತಿಗೆ ಅಂತ. ಶ್ರೀಮಂತ ದೇಶಗಳದೇ ಕೂಟವಾದ ಒಇಸಿಡಿ ಲೆಕ್ಕದ ಪ್ರಕಾರವೇ ಅದು ಈಡೇರಿದ್ದು 2022ರಲ್ಲಿ: ಒಟ್ಟು 11,590 ಕೋಟಿ, ಅದರಲ್ಲಿ ಹೊಂದಾಣಿಕೆಗೆ 3,240 ಕೋಟಿ. ಯಾವುದು ‘ಹವಾಮಾನದ ಹಣ’ ಅಂತ ನಮೂದಿಸುವುದು ಕೊಡುವ ದೇಶವೇ. 2023ರಲ್ಲಿ ರಾಯ್ಟರ್ಸ್ ಆ ಪಟ್ಟಿ ಕೆದಕಿದಾಗ ಏನೇನು ಸಿಕ್ಕಿತು ನೋಡಿ: ಏಷ್ಯಾದಲ್ಲಿ ಚಾಕೊಲೇಟ್, ಐಸ್‌ಕ್ರೀಮ್ ಅಂಗಡಿ ತೆರೆಯಲು ಇಟಲಿ ಕೊಟ್ಟ ನೆರವು, ಹೈಟಿಯ ಕಡಲತೀರದ ಹೋಟೆಲ್ ವಿಸ್ತರಣೆಗೆ ಅಮೆರಿಕದ ಸಾಲ, ಅರ್ಜೆಂಟೀನಾ ಕಾಡಿನ ಪ್ರೇಮಕಥೆಯ ಸಿನಿಮಾಕ್ಕೆ ಬೆಲ್ಜಿಯಂ ಹಣ. ಬಾಂಗ್ಲಾದೇಶದಲ್ಲೇ ಜಪಾನ್ ಕಟ್ಟಿಸುತ್ತಿದ್ದ ಕಲ್ಲಿದ್ದಲು ಸ್ಥಾವರವೂ ಆ ಪಟ್ಟಿಯಲ್ಲಿತ್ತು! ಕಲ್ಲಿದ್ದಲು ಸ್ಥಾವರ ಹವಾಮಾನ ನೆರವು ಅನಿಸಿಕೊಳ್ಳುವ ಪುಸ್ತಕವನ್ನು ಮುಚ್ಚಿಟ್ಟು ಸಾತ್‌ಖೀರಾದ ಹೆಂಗಸಿನ ಟ್ಯಾಂಕು ತಪಾಸಣೆ ಮಾಡಹೊರಡುವುದು ನ್ಯಾಯವಲ್ಲ.

ಸಾಲದ ವಿಷಯವೂ ಇದೆ. ಬಡ್ಡಿ ಸಮೇತ ವಾಪಸ್ ಕೊಡಬೇಕಾದ ಸಾಲವನ್ನೂ ಪೂರ್ತಿ ಮೊತ್ತವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ನೂರು ಕೊಟ್ಟು ನೂರಿಪ್ಪತ್ತು ವಸೂಲು ಮಾಡಿದರೂ ಪುಸ್ತಕದಲ್ಲಿ ನೂರು ‘ಕೊಟ್ಟದ್ದು’.

ಹಾವೇರಿ ಬಸು:
ಎರಡೂ ಆಗಲಿ ಸರ್, ಒಂದಾದ ಮೇಲೆ ಇನ್ನೊಂದು ಅಂತ ಕೂತರೆ ಯಾವುದೂ ಆಗಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಸುಜಲ ಯೋಜನೆ. ಅದು ಹವಾಮಾನ ನಿಧಿಯದ್ದಲ್ಲ, ವಿಶ್ವಬ್ಯಾಂಕ್ ಸಾಲದ ಜಲಾನಯನ ಯೋಜನೆ. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ 2000ದ ದಶಕದಲ್ಲಿ ನಡೆಯಿತು. ಮೌಲ್ಯಮಾಪನದ ಹೊಣೆಯನ್ನು ಇಸ್ರೋದ ಆಂಟ್ರಿಕ್ಸ್ ಸಂಸ್ಥೆಗೆ ಕೊಟ್ಟಿದ್ದರು. ಕೆಲಸ ಶುರುವಾಗುವ ಮೊದಲು ಸ್ಥಿತಿ ಹೇಗಿತ್ತು ಅಂತ ದಾಖಲು ಮಾಡಿದರು. ಬದು, ಚೆಕ್ ಡ್ಯಾಂ ಆದ ಊರುಗಳ ಜೊತೆಗೆ ಏನೂ ಆಗದ ಊರುಗಳನ್ನೂ ಹೋಲಿಕೆಗೆ ಇಟ್ಟುಕೊಂಡರು. ಮೇಲಿನಿಂದ ಉಪಗ್ರಹದ ಚಿತ್ರ, ಕೆಳಗೆ ಬಾವಿಯ ನೀರಿನ ಮಟ್ಟ, ಮನೆ ಸಮೀಕ್ಷೆ. ಕೆಲಸ ನಡೆಯುತ್ತಿದ್ದಾಗಲೇ ಅಳೆಯುತ್ತಿದ್ದರು.

ಹೋಲಿಕೆ ಊರು ಯಾಕೆ ಮುಖ್ಯ ಅಂದರೆ, ಒಂದು ವರ್ಷ ಮಳೆ ಚೆನ್ನಾಗಿ ಬಂದರೆ ಬಾವಿ ತಾನಾಗಿ ತುಂಬುತ್ತದೆ. ಪಕ್ಕದೂರಿನ ಬಾವಿ ನೋಡದೆ ‘ಯೋಜನೆಯಿಂದ ತುಂಬಿತು’ ಅನ್ನುವುದು ಸುಳ್ಳು ಲೆಕ್ಕ. ಹವಾಮಾನ ನಿಧಿಗಳು ಇದನ್ನು ಯಾಕೆ ಕಡ್ಡಾಯ ಮಾಡಬಾರದು?

ಸುವಾ ವಾಸಿ:
ಬಸು ಅವರೇ, ತುವಾಲುವಿಗೆ ಹೋಲಿಕೆ ಊರು ಎಲ್ಲಿಂದ ತರುತ್ತೀರಿ?

ಪೆಸಿಫಿಕ್ ಸಾಗರದಲ್ಲಿ ಸುಮಾರು 11,000 ಜನರ ದ್ವೀಪದೇಶ ಅದು. ಗ್ರೀನ್ ಕ್ಲೈಮೇಟ್ ಫಂಡ್ 2016ರಲ್ಲಿ 3.6 ಕೋಟಿ ಡಾಲರ್ ಕೊಟ್ಟಿತು. ರಾಜಧಾನಿ ಫುನಾಫುಟಿಯಲ್ಲಿ ಕಡಲಿನ ಮರಳು ತೆಗೆದು ಸುರಿದು, 780 ಮೀಟರ್ ಉದ್ದ, 100 ಮೀಟರ್ ಅಗಲದ ಎತ್ತರದ ನೆಲ ನಿರ್ಮಿಸಿದರು. ಮುಂದಿನ ಶತಮಾನಕ್ಕೂ ನೀರಿನ ಮೇಲೆ ಉಳಿಯಲಿ ಅನ್ನುವುದು ಅದರ ವಿನ್ಯಾಸ. ಐದು ವರ್ಷ ಬಿಟ್ಟು ಹೋಗಿ ನೋಡಿದರೆ ಅಲ್ಲಿ ನೆಲ ಕಾಣುತ್ತದೆ, ಅಷ್ಟೇ. ಅದು ಫಲ ಕೊಟ್ಟಿತೋ ಇಲ್ಲವೋ ಹೇಳಬೇಕಾದವರು ಇನ್ನೂ ಹುಟ್ಟಿಲ್ಲ.

ಇಲ್ಲಿ ಪೆಸಿಫಿಕ್‌ನಲ್ಲಿ ದಿನಾ ಕಾಣುವ ಕಷ್ಟ ಬೇರೆ. ಇಡೀ ಹವಾಮಾನ ಇಲಾಖೆ ಅಂದರೆ ಬೆರಳೆಣಿಕೆಯ ಸಿಬ್ಬಂದಿ. ಒಂದೊಂದು ನಿಧಿಗೆ ಒಂದೊಂದು ನಮೂನೆಯ ಅರ್ಜಿ, ಒಂದೊಂದು ಬಗೆಯ ಸೂಚ್ಯಂಕ. ಗ್ರೀನ್ ಕ್ಲೈಮೇಟ್ ಫಂಡ್ ಈಗ ಪ್ರಸ್ತಾವ ಪರಿಶೀಲನೆಯನ್ನು 24 ತಿಂಗಳಿಂದ 9 ತಿಂಗಳಿಗೆ ಇಳಿಸುತ್ತೇವೆ ಅನ್ನುತ್ತಿದೆ. ಅಂದರೆ ಇಷ್ಟು ದಿನ ಎರಡು ವರ್ಷ ಕಾಯಿಸುತ್ತಿತ್ತು ಅಂತಲೇ. ನೀವು ಕೇಳುವ ಬೇಸ್‌ಲೈನು (ಕೆಲಸಕ್ಕೆ ಮೊದಲಿನ ಸ್ಥಿತಿಯ ದಾಖಲೆ), ಹೋಲಿಕೆ, ಮರುಭೇಟಿ ಎಲ್ಲ ಕಡ್ಡಾಯವಾದರೆ ಮೊದಲು ಬೀಳುವವರು ಈ ಪುಟ್ಟ ದೇಶಗಳು. ದೊಡ್ಡ ಸಲಹಾ ಕಂಪನಿಗಳಿಗೆ ಇನ್ನಷ್ಟು ಕೆಲಸ ಸಿಗುತ್ತದೆ.

ಲೆಕ್ಕಿಗ:
ಇದೇ ನಾನು ಹೇಳಿದ್ದು. ಪರೀಕ್ಷೆಯೆಲ್ಲ ಕೈಚಾಚಿದವನಿಗೇ.

ಖುಲ್ನಾ ಡೈರಿ:
ನಾನು ಕೆಲವು ವರ್ಷ ಖುಲ್ನಾ ಕಡೆ ನೀರಿನ ಕೆಲಸದಲ್ಲಿದ್ದೆ, ಮೇಲೆ ಹೇಳಿದ ಯೋಜನೆಯಲ್ಲಲ್ಲ. ನೆಲದ ಮೇಲಿನ ಸಂಗತಿ ಸ್ವಲ್ಪ ಹೇಳುತ್ತೇನೆ, ಉದ್ದವಾಗುತ್ತದೆ.

ಅಲ್ಲಿ ಉಪ್ಪು ಬಂದಿದ್ದು ಬರೀ ಕಡಲು ಏರಿದ್ದರಿಂದಲ್ಲ. 1960ರ ದಶಕದಲ್ಲಿ ವಿದೇಶಿ ನೆರವಿನಿಂದಲೇ ಕರಾವಳಿಯುದ್ದಕ್ಕೂ ಒಡ್ಡು ಕಟ್ಟಿ ನೆಲವನ್ನು ಸುತ್ತುವರಿದರು. ಒಳಗೆ ಭತ್ತ ಬೆಳೆಯಿತು, ನಿಜ. ಆದರೆ ನದಿಯ ಮೆಕ್ಕಲು ಗದ್ದೆಗೆ ಬರುವುದು ನಿಂತು ನದಿಯ ಪಾತ್ರದಲ್ಲೇ ಕೂತಿತು. ಹೊರಗೆ ನದಿ ಎತ್ತರ, ಒಳಗೆ ಗದ್ದೆ ತಗ್ಗು. ಮಳೆನೀರು ಹೊರಹೋಗದೆ ನಿಂತಿತು. 1980ರ ದಶಕದಿಂದ ಸಿಗಡಿ ಸಾಕಣೆ ಬಂತು; ಸಿಗಡಿಗಾಗಿ ಉಪ್ಪುನೀರನ್ನು ಬೇಕೆಂದೇ ಒಡ್ಡಿನೊಳಗೆ ಬಿಟ್ಟುಕೊಂಡರು. ಲಾಭ ಜಮೀನು, ಬಂಡವಾಳ ಇದ್ದವರಿಗೆ. ಭತ್ತದ ಕೂಲಿ ಹೋಗಿದ್ದು, ಕೆರೆ ಉಪ್ಪಾಗಿದ್ದು ಉಳಿದವರಿಗೆ. ಆಮೇಲೆ 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತ. ಒಡ್ಡುಗಳು ಒಡೆದವು, ಕೆಲವು ಕಡೆ ಎರಡು ವರ್ಷದವರೆಗೂ ಉಬ್ಬರದ ನೀರು ಊರೊಳಗೆ ಬಂದು ಹೋಗುತ್ತಿತ್ತು.

ಈಗ ಹೇಳಿ, ಅಲ್ಲಿ ಟ್ಯಾಂಕು ಕೊಟ್ಟು ‘ಹವಾಮಾನಕ್ಕೆ ಹೊಂದಿಕೊಂಡರು’ ಅಂತ ಬರೆದರೆ ಸಿಗಡಿ ಹೊಂಡದ ಮಾತು ಎಲ್ಲಿ ಹೋಯಿತು? ಮೌಲ್ಯಮಾಪಕರು ಯೋಜನೆಯ ಗುರಿಪಟ್ಟಿ ಹಿಡಿದು ಬರುತ್ತಾರೆ. ಆ ಪಟ್ಟಿಯಲ್ಲಿ ಸಿಗಡಿಯ ಪ್ರಶ್ನೆಯೇ ಇರುವುದಿಲ್ಲ. 2021ರಲ್ಲಿ ‘ವರ್ಲ್ಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಲವು ದೇಶಗಳ ಇಂಥ ಯೋಜನೆಗಳನ್ನು ನೋಡಿ, ಕೆಲವು ಕಡೆ ಅಪಾಯ ಕಡಿಮೆಯಾಗದೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗಿದೆ ಅಂತಲೇ ಹೇಳಿತು. ಇದನ್ನು ಓದಿದಾಗ ನನಗೆ ಏನೂ ಆಶ್ಚರ್ಯವಾಗಲಿಲ್ಲ.

ಆದರೆ ಸುವಾ ವಾಸಿಗಳ ಮಾತು ಪೂರ್ತಿ ಒಪ್ಪಲಾರೆ. ಒಳ್ಳೆಯ ಅಳತೆ ದುಬಾರಿಯೇ ಆಗಬೇಕೆಂದಿಲ್ಲ. 2,000 ಲೀಟರ್ ಟ್ಯಾಂಕು ಅಂತಿಟ್ಟುಕೊಳ್ಳಿ. ಐದು ಜನ ಕುಡಿಯಲು ದಿನಕ್ಕೆ ತಲಾ 2 ಲೀಟರ್ ಬಳಸಿದರೆ 200 ದಿನ. ಮಳೆ ನಿಂತ ಕಾರ್ತಿಕದಿಂದ ಮುಂದಿನ ಮಳೆಯವರೆಗೆ ಸರಿಯಾಗಿ ಅಷ್ಟೇ. ಅದರಲ್ಲೇ ಅನ್ನ ಬೇಯಿಸಿದರೆ, ನೆರೆಮನೆಯವರು ಒಂದು ಕೊಡ ಕೇಳಿದರೆ ಚೈತ್ರದೊಳಗೆ ಖಾಲಿ. ಬೇಸಿಗೆ ತುದಿಯಲ್ಲಿ ಹೋಗಿ ಎರಡೇ ಪ್ರಶ್ನೆ ಕೇಳಿ: ಟ್ಯಾಂಕು ಯಾವ ತಿಂಗಳು ಖಾಲಿಯಾಯಿತು? ಆಮೇಲೆ ನೀರು ತರಲು ಯಾರು, ಎಷ್ಟು ದೂರ ಹೋದರು? ‘7 ಲಕ್ಷ ಫಲಾನುಭವಿ’ ಹೇಳದ್ದನ್ನು ಈ ಎರಡು ಪ್ರಶ್ನೆ ಹೇಳುತ್ತವೆ. ಇದಕ್ಕೆ ಸಲಹಾ ಕಂಪನಿ ಬೇಡ, ಊರಿನ ನೀರಿನ ಗುಂಪಿನ ಹೆಂಗಸರೇ ಬರೆದಿಡಬಲ್ಲರು.

ಸುವಾ ವಾಸಿ:
ಇದನ್ನು ಒಪ್ಪುತ್ತೇನೆ. ಫಿಜಿಯ ಹಳ್ಳಿಗಳಲ್ಲೂ ಇಂಥದೇ ಕಂಡಿದೆ. ಕಡಲಗೋಡೆ ಕಟ್ಟಿದರು, ಅಲೆ ತಡೆಯಿತು, ಆದರೆ ಉಕ್ಕಿ ಒಳಬಂದ ನೀರು ಹಿಂದೆ ಹೋಗಲಾಗದೆ ಗೋಡೆಯೊಳಗೇ ನಿಂತಿತು. ವರದಿಯಲ್ಲಿ ಇಷ್ಟು ಮೀಟರ್ ಗೋಡೆ ಅಂತ ಮಾತ್ರ ಇರುತ್ತದೆ. ಮನೆಯೊಳಗೆ ಎಷ್ಟು ದಿನ ನೀರು ನಿಂತಿತ್ತು ಅಂತ ಅಲ್ಲಿಯ ಅಜ್ಜಿಯನ್ನು ಕೇಳಿದರೆ ಸಾಕಿತ್ತು.

ಕಡಲ ಮಗ:
ನಮ್ಮ ಕರಾವಳಿಯಲ್ಲೂ ಹಾಗೆಯೇ ಮಾರಾಯ್ರೆ. ಕಲ್ಲು ಹಾಕಿದಲ್ಲಿ ಉಳಿಯುತ್ತದೆ, ಕಲ್ಲು ಮುಗಿದಲ್ಲಿಂದ ಮುಂದೆ ಕಡಲ್ಕೊರೆತ ಜೋರು. ಪಕ್ಕದ ಊರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾವೇರಿ ಬಸು:
ಅದಕ್ಕೇ ಹೋಲಿಕೆ ಊರು ಅಂದಿದ್ದು ಅಣ್ಣ. ಪಕ್ಕದೂರು ನೋಡಿದರೆ ಲಾಭವೂ ತಿಳಿಯುತ್ತೆ, ಅಲ್ಲಿಗೆ ತಳ್ಳಿದ ನಷ್ಟವೂ ತಿಳಿಯುತ್ತೆ. ತುವಾಲುವಿನಲ್ಲಿ ಆಗಲ್ಲ, ಒಪ್ಪಿದೆ. ಬಾಂಗ್ಲಾದಲ್ಲಿ ಖಂಡಿತ ಆಗುತ್ತೆ.

ಶಾಲ್ಮಲಾ:
ಬಾಂಗ್ಲಾದೇಶದ್ದೇ ಇನ್ನೊಂದು ಮುಖ ಹೇಳಬೇಕು, ಇಲ್ಲದಿದ್ದರೆ ಈ ಹಣವೆಲ್ಲ ದಂಡ ಅಂದಂತಾಗುತ್ತದೆ. 1970ರ ಭೋಲಾ ಚಂಡಮಾರುತದಲ್ಲಿ ಸತ್ತವರು 3 ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. 1991ರಲ್ಲಿ ಸುಮಾರು 1.4 ಲಕ್ಷ. 2007ರ ಸಿಡರ್‌ನಲ್ಲಿ ಸುಮಾರು 3,400. ಈ ನಡುವೆ ಜನಸಂಖ್ಯೆ ದುಪ್ಪಟ್ಟಾಗಿತ್ತು. ಚಂಡಮಾರುತ ಆಶ್ರಯ ಕಟ್ಟಡಗಳು, ಮುನ್ಸೂಚನೆ, ಸೈಕಲ್ಲಿನಲ್ಲಿ ಮೆಗಾಫೋನ್ ಹಿಡಿದು ಊರೂರು ಎಚ್ಚರಿಸುವ ಸ್ವಯಂಸೇವಕರು ಎಲ್ಲ ಸೇರಿ ಆದದ್ದು. ಇಷ್ಟು ದೊಡ್ಡ ಗೆಲುವು ಯಾವ ಒಂದು ಯೋಜನೆಯ ಕೊನೆಯ ವರದಿಯಲ್ಲೂ ಕಾಣಿಸದು, ಯಾಕೆಂದರೆ ಅದಕ್ಕೆ ಮೂರು ದಶಕ ಹಿಡಿಯಿತು.

ಲೆಕ್ಕಿಗ:
ಸರಿ, ಆದರೆ ಮರುಭೇಟಿಯ ಹಣ ಯಾರದ್ದು? ಆ 2.5 ಕೋಟಿಯೊಳಗಿಂದಲೇ ತೆಗೆದರೆ ಅಷ್ಟು ಟ್ಯಾಂಕು ಕಡಿಮೆ. ಈಗಾಗಲೇ ಸಾಲುವುದಿಲ್ಲ. ಹೊಂದಾಣಿಕೆಗೆ ವರ್ಷಕ್ಕೆ 21,500 ಕೋಟಿಯಿಂದ 38,700 ಕೋಟಿ ಡಾಲರ್ ಬೇಕು ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2023ರ ವರದಿ ಹೇಳಿತ್ತು. 2021ರಲ್ಲಿ ಸರ್ಕಾರಗಳಿಂದ ಬಂದದ್ದು 2,100 ಕೋಟಿ.

ಶಾಲ್ಮಲಾ:
ಯೋಜನೆಯ ಹಣ ಮುಟ್ಟಬಾರದು. ಕೊಡುವ ದೇಶಗಳು ಅದರ ಮೇಲೆ ಬೇರೆಯಾಗಿ ಕೊಡಲಿ, ನಿಧಿಯ ಸ್ವತಂತ್ರ ಮೌಲ್ಯಮಾಪನ ಘಟಕದ ಹೆಸರಿನಲ್ಲಿ ಇರಲಿ. ಆ ಖರ್ಚನ್ನು ‘ಹೊಂದಾಣಿಕೆ ನೆರವು’ ಅಂತ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವಂತಿಲ್ಲ.

ಲೆಕ್ಕಿಗ:
ಆ ಕೊನೆಯ ಸಾಲು ನಿಯಮವಾಗಿ ಬಂದರೆ ನನ್ನ ತಕರಾರಿಲ್ಲ. ಬರುವವರೆಗೆ ಇದೆ.

ಖುಲ್ನಾ ಡೈರಿ:
ಇನ್ನೊಂದು ಸೇರಿಸಿ. ವರದಿ ಇಂಗ್ಲಿಷಿನಲ್ಲಿ ಬರೆದು ಜಾಲತಾಣದಲ್ಲಿ ಹಾಕಿ ಸುಮ್ಮನಾಗುತ್ತಾರೆ. ಉತ್ತರ ಕೊಟ್ಟ ಹೆಂಗಸರಿಗೆ ಅವರ ಉತ್ತರದಿಂದ ಏನು ತೀರ್ಮಾನವಾಯಿತು ಅಂತ ಯಾರೂ ವಾಪಸ್ ಹೋಗಿ ಹೇಳುವುದಿಲ್ಲ. ಯೂನಿಯನ್ ಪರಿಷತ್ (ಅಲ್ಲಿಯ ಗ್ರಾಮ ಪಂಚಾಯ್ತಿ) ಸಭೆಯಲ್ಲಿ ಬಂಗಾಳಿ ಭಾಷೆಯಲ್ಲಿ ಓದಿ ಹೇಳಬೇಕು, ತಪ್ಪಿದ್ದರೆ ಅಲ್ಲೇ ತಿದ್ದಲು ಬಿಡಬೇಕು.