ರಕ್ತದಿಂದ ತೆಗೆದ ಡಿಎನ್‌ಎ ಬರುವುದು ಎಲ್ಲಿಂದ?

ಪ್ರಶ್ನೆ: ಮನುಷ್ಯನ ಪ್ರೌಢ ಕೆಂಪು ರಕ್ತಕಣದಲ್ಲಿ ಡಿಎನ್‌ಎ ಇರಬೇಕಾದ ಕೋಶಕೇಂದ್ರವೇ ಇರುವುದಿಲ್ಲವೆಂದು ಓದಿದ್ದೇನೆ, ಹಾಗಿದ್ದೂ ಪ್ರಯೋಗಾಲಯದಲ್ಲಿ ರಕ್ತದಿಂದಲೇ ಡಿಎನ್‌ಎ ತೆಗೆಯುತ್ತೇವೆ. ಅದು ಬರುವುದಾದರೂ ಎಲ್ಲಿಂದ?

ಉತ್ತರ 1: ಬಿಳಿ ರಕ್ತಕಣಗಳಿಂದ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು ಸುಮಾರು 4,000ದಿಂದ 11,000 ಇದ್ದು, ಒಂದೊಂದರಲ್ಲೂ ಸುಮಾರು 6.6 ಪಿಕೊಗ್ರಾಂ ಡಿಎನ್‌ಎ ಇರುವುದರಿಂದ, 1 ಮಿಲಿಲೀಟರಿಗೆ ಕನಿಷ್ಠ 26 ಮೈಕ್ರೋಗ್ರಾಂ ಆದರೂ ಸಿಗಬೇಕು. ಕೈಗೆ ಬರುವುದು ಲೆಕ್ಕಕ್ಕಿಂತ ಕಡಿಮೆಯೇ ಎನ್ನಿ.

ಉತ್ತರ 2: ರಕ್ತ ಸಂಗ್ರಹಿಸುವ ಟ್ಯೂಬಿನ ಮುಚ್ಚಳದ ಬಣ್ಣವನ್ನೂ ಗಮನಿಸಿ. ನೇರಳೆ ಮುಚ್ಚಳದ್ದರಲ್ಲಿರುವ ಇಡಿಟಿಎ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕವು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದಿಟ್ಟು, ಡಿಎನ್‌ಎ ತುಂಡರಿಸುವ ಕಿಣ್ವಗಳನ್ನು ತಡೆಯುತ್ತದೆ. ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ವಸ್ತುವಾದ ಹೆಪಾರಿನ್ ಇರುವ ಹಸಿರು ಮುಚ್ಚಳದ್ದನ್ನು ಬಳಸಿ ನಾನೊಮ್ಮೆ ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪ್ರಕ್ರಿಯೆ) ಕೆಡಿಸಿಕೊಂಡಿದ್ದೆ.

ಉತ್ತರ 3: ಕೋಳಿಯ ರಕ್ತವಾದರೆ ಕೆಲವು ಹನಿಗಳೇ ಸಾಕು, ಅದರ ಕೆಂಪು ಕಣಗಳಲ್ಲೂ ಕೋಶಕೇಂದ್ರವಿರುವುದರಿಂದ, ಕಣಗಳು ಒಡೆದೊಡನೆ ದ್ರಾವಣವು ಗಂಜಿಯಂತೆ ಮಂದವಾಗುತ್ತದೆ.